ಎರಡು ತಲೆ ವೈರು

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ಬಡಿದವಳು ಸ್ಕ್ರೂ. ಕಂಪ್ಯೂಟರ್ ಅಂಗಡೀಲಿ ಮಿಷನ್ ಜೋಡಿಸೋ ಕೆಲಸ ಅವಳದ್ದು. ಡಬ್ಬ ಮುಚ್ಚೋ ಮುಂಚೆ ಸ್ಕ್ರೂಗಳನ್ನ ಮೂರು ಸಲ ಎಣಿಸ್ತಾಳೆ ಅಂತ ಯಾರೋ ತಮಾಷೆಗೆ ಇಟ್ಟ ಹೆಸರು, ಈಗ ಅವಳ ಹೆತ್ತಮ್ಮಾನೇ ಹಂಗೆ ಕರೀತಾಳೆ. ಬಾಗಿಲು ತೆಗೆದ ಕಂಡಕ್ಟರು ಮೂವತ್ತು ವರ್ಷ ಬಸ್ಸಲ್ಲಿ ಮುಖ ನೋಡಿ ಟಿಕೆಟ್ ಹರಿದವರು. ಈ ಮುಖ ಇಡೀ ರಾತ್ರಿ ನಿದ್ದೆ ಮಾಡಿಲ್ಲ ಅಂತ ಅವರಿಗೆ ಆಗ್ಲೇ ಗೊತ್ತಾಯ್ತು.

"ಮೀಟರಮ್ಮ ಇದಾರಾ ಅಂಕಲ್?"

"ಇದಾಳೆ. ಅವಳೆಲ್ಲಿ ಹೋಗ್ತಾಳೆ. ಏನೇ, ಗಿರಾಕಿ ಬಂದಿದೆ ನೋಡು!"

ಗಿರಾಕಿ ಅಂದಿದ್ದು ಸುಮ್ನೆ ಅಲ್ಲ. ಕಂಡಕ್ಟರ ಹೆಂಡತಿ ಕರೆಂಟ್ ಆಫೀಸಲ್ಲಿ ಮೀಟರ್ ಓದಿ ಓದಿ ರಿಟೈರ್ ಆದವರು. ರಿಟೈರ್ ಆಗಿದ್ದು ಆಫೀಸಿಂದ ಮಾತ್ರ. ಈಗ್ಲೂ ದಿನಾ ಬೆಳಿಗ್ಗೆ ಏಳಕ್ಕೆ ಮೆಟ್ಟಿಲ ಕೆಳಗೆ ಹೋಗಿ ಕಟ್ಟಡದ ಎಂಟೂ ಮೀಟರ್ ಓದಿ ಒಂದು ನೋಟ್‌ಬುಕ್ಕಲ್ಲಿ ಬರೀತಾರೆ. ಯಾರೂ ಬರೀರಿ ಅಂದಿಲ್ಲ. ಬರೀಬೇಡಿ ಅನ್ನೋ ಧೈರ್ಯಾನೂ ಯಾರಿಗೂ ಇಲ್ಲ. ಎರಡನೇ ಮಹಡಿಯವರು ಊರಲ್ಲಿಲ್ಲ ಅಂತ ಸುಳ್ಳು ಹೇಳಿ ಒಳಗೇ ಕೂತಿದ್ದು, ಟ್ಯಾಂಕಿನ ಮೋಟರ್ ಕದ್ದಿದ್ದು ಯಾರು ಅನ್ನೋದು, ಎಲ್ಲಾ ಆ ನೋಟ್‌ಬುಕ್ಕಿಂದಾನೇ ಹೊರಗೆ ಬಂದಿದ್ದು. ಹಂಗಾಗಿ ಕಟ್ಟಡದಲ್ಲಿ ಏನೇ ಎಡವಟ್ಟಾದ್ರೂ ಪೊಲೀಸರಿಗಿಂತ ಮುಂಚೆ ಮೀಟರಮ್ಮನ ಹತ್ರ ಬರ್ತಾರೆ.

ಸ್ಕ್ರೂ ಕೂತ್ಕೊಳ್ಳಲಿಲ್ಲ. ನಿಂತೇ ಹೇಳಿದ್ಲು.

"ಕೆಳಗಡೆ ಬೊಂಬೆ ಡೈರೆಕ್ಟರ ಮಿಷನ್ ನಿನ್ನೆ ಮಧ್ಯಾಹ್ನ ಸುಟ್ಟೋಯ್ತು. ನಾನು ಜೋಡಿಸಿದ್ದು. ಹೋಗಿದ್ದು ಚಿತ್ರ ಮೂಡಿಸೋ ಎರಡು ಚಿಪ್ಪಿನ ಗ್ರಾಫಿಕ್ಸ್ ಕಾರ್ಡು. ಈಗ ಅಂಥದ್ದು ಯಾರೂ ಮಾಡಲ್ಲ, ಹೋದ್ರೆ ಹೋಯ್ತು. ಯಾಕೆ ಸುಟ್ಟಿತು ಅಂತ ಇವತ್ತು ಐದು ಗಂಟೆಗೆ ನಮ್ಮ ಮೇಷ್ಟ್ರು ನೋಡಿ ರಿಪೋರ್ಟ್ ಬರೆದುಕೊಡ್ತಾರೆ. ನನ್ನ ತಪ್ಪು ಅಂತ ಬಂದ್ರೆ ನಾಳೆಯಿಂದ ಬರಬೇಡ ಅಂದಿದಾರೆ ಅಂಗಡಿ ಓನರ್ರು. ಇನ್ನೊಂದು ಅಂಗಡೀಲೂ ನನ್ನ ಕೈಗೆ ಸ್ಕ್ರೂಡ್ರೈವರ್ ಕೊಡಲ್ಲ."

"ತಪ್ಪು ನಿಂದಾ?" ಮೀಟರಮ್ಮ ಕೇಳಿದ್ರು.

"ಅಲ್ಲ."

"ಹಂಗಾದ್ರೆ ಯಾರ್ದು ಅಂತ ಹುಡುಕೋಣ ಬಾ."

"ಯಾರ್ದು ಅಂತ ಬೇಡ ಅಮ್ಮ," ಅಂದ್ಲು ಸ್ಕ್ರೂ ಅವಸರವಾಗಿ. "ನಂದಲ್ಲ ಅಂತ ಗೊತ್ತಾದ್ರೆ ಸಾಕು."

ಮೀಟರಮ್ಮ ಕನ್ನಡಕ ಹಾಕ್ಕೊಳ್ತಿದ್ದವರು ಒಂದು ಕ್ಷಣ ಕೈ ನಿಲ್ಲಿಸಿದ್ರು. ನೋಟ್‌ಬುಕ್ಕು, ಟಾರ್ಚು ಚೀಲಕ್ಕೆ ಹಾಕಿ, "ರೀ, ನೀವೂ ಬನ್ನಿ. ಬಗ್ಗೋ ಕೆಲಸ ಇದ್ರೆ ನನ್ನ ಸೊಂಟ ಕೇಳಲ್ಲ," ಅಂದ್ರು.

"ನನ್ನ ಮಂಡಿ ಕೇಳತ್ತಾ?" ಅಂತ ಗೊಣಗಿಕೊಂಡೇ ಕಂಡಕ್ಟರು ಚಪ್ಪಲಿ ಮೆಟ್ಟಿದ್ರು.

ಬೊಂಬೆ ಡೈರೆಕ್ಟರು ಅಂದ್ರೆ ಕಂಪ್ಯೂಟರಲ್ಲಿ ಬೊಂಬೆ ಕುಣಿಸಿ ಸಿನಿಮಾ ಮಾಡೋರು. ನೆಲಮಹಡೀಲಿ ಒಂದೇ ರೂಮು, ಒಂದೇ ಕಿಟಕಿ, ಒಂದು ದೊಡ್ಡ ಮೇಜು. ಒಳಗೆ ಕಾಲಿಟ್ಟ ಕೂಡಲೇ ಸುಟ್ಟ ಪ್ಲಾಸ್ಟಿಕ್ ವಾಸನೆ ಮೂಗಿಗೆ ಹೊಡೀತು. ಮೇಜಿನ ಮೇಲೆ ಕಾರ್ಡು ಮಲಗಿತ್ತು. ಕಂಡಕ್ಟರು ಇಷ್ಟು ದೊಡ್ಡದು ಅಂದ್ಕೊಂಡಿರಲಿಲ್ಲ. ಒಂದಡಿಗಿಂತ ಉದ್ದ, ಇಟ್ಟಿಗೆ ದಪ್ಪ, ಎತ್ತಿದ್ರೆ ಎರಡು ಕಿಲೋ ತೂಕ. ಅದರ ನೆತ್ತಿ ಮೇಲೆ ಪಕ್ಕಪಕ್ಕದಲ್ಲಿ ಎರಡು ಪವರ್ ಬಾಯಿ. ಎರಡಕ್ಕೂ ಚುಚ್ಚಿದ್ದು ಒಂದೇ ವೈರು, ತುದೀಲಿ ಎರಡು ತಲೆ. ಆ ತಲೆಗಳು ಕರಗಿ ಕಾರ್ಡಿಗೇ ಅಂಟಿಕೊಂಡಿದ್ವು.

"ನೋಡಿ, ನೀವೇ ನೋಡಿ!" ಡೈರೆಕ್ಟರು ಕೂಗಾಡಿದ್ರು. ಪಾಪದ ಮನುಷ್ಯ, ಎರಡು ದಿನದ ಗಡ್ಡ. "ಕಾರ್ಡಿನ ಜೊತೆ ಬಂದ ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆದಿದಾರೆ. ಎರಡು ಬಾಯಿಗೆ ಎರಡು ಬೇರೆ ಬೇರೆ ವೈರು ಹಾಕಿ ಅಂತ. ಈ ಮಹಾರಾಯ್ತಿ ಒಂದೇ ಹಾಕಿದಾಳೆ!"

"ನಾನು ಎರಡು ಹಾಕಿದ್ದೆ ಸರ್."

"ಮತ್ತೆ ಇದೇನು, ರಾತ್ರೋರಾತ್ರಿ ಮದುವೆ ಮಾಡ್ಕೊಂಡು ಒಂದಾಗಿಬಿಟ್ವಾ?"

ಮೂಲೇಲಿ ಕೂತಿದ್ದ ಬಾಮೈದ ಕಿಸಕ್ಕಂದ. ಡೈರೆಕ್ಟರ ಹೆಂಡತಿ ತಮ್ಮ. ಕೆಲಸ ಇಲ್ಲ ಅಂತ ಅಕ್ಕ ಇಲ್ಲಿ ತಂದು ಕೂರಿಸಿದಾಳೆ. ಅವನ ಮುಖ್ಯ ಕೆಲಸ ನೀರು ಕಾಯಿಸೋ ಕೆಟಲ್ ಆನ್ ಮಾಡೋದು.

"ನಂಗನ್ಸತ್ತೆ ಇವನ ಕೆಟಲ್ಲೇ ಕಾರಣ ಇರಬಹುದು," ಅಂದ್ರು ಕಂಡಕ್ಟರು. ಕೆಟಲ್ಲೂ ಮಿಷನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿದ್ದನ್ನ ಅವರು ಆಗ್ಲೇ ನೋಡಿದ್ರು, ಅದೇ ಹೆಮ್ಮೆ.

"ಕೆಟಲ್ಲಿಂದ ಲೋಡ್ ಜಾಸ್ತಿ ಆದ್ರೆ ಫ್ಯೂಸ್ ಹೋಗತ್ತೆ, ಬೋರ್ಡ್ ಕರಗತ್ತೆ. ಕಾರ್ಡಿನ ನೆತ್ತಿ ಯಾಕ್ರೀ ಕರಗತ್ತೆ?" ಮೀಟರಮ್ಮ ತಿರುಗಿ ನೋಡದೇ ಅಂದ್ರು. ಕಂಡಕ್ಟರ ಹೆಮ್ಮೆ ಅಲ್ಲಿಗೆ ಇಳೀತು. "ಸ್ಕ್ರೂ, ನಂಗೆ ಅರ್ಥ ಆಗೋ ಹಂಗೆ ಹೇಳು. ಒಂದು ವೈರು ಯಾಕೆ ಸಾಕಾಗಲ್ಲ?"

"ಎರಡು ಚಿಪ್ಪು ಸೇರಿ ಐನೂರು ವ್ಯಾಟ್ ತಿನ್ನತ್ತೆ ಅಮ್ಮ. ಇಸ್ತ್ರಿ ಪೆಟ್ಟಿಗೆ ತಿನ್ನೋದರಲ್ಲಿ ಅರ್ಧ, ಅದೂ ಗಂಟೆಗಟ್ಟಲೆ. ಒಂದು ವೈರು ಅದರಲ್ಲಿ ಅರ್ಧ ಆರಾಮಾಗಿ ಹೊರತ್ತೆ. ಎರಡು ತಲೆ ವೈರು ಅಂದ್ರೆ ಒಂದೇ ಪೈಪಿಗೆ ಎರಡು ನಲ್ಲಿ. ಬಾಯಿ ಎರಡಿರತ್ತೆ, ಗಂಟಲು ಒಂದೇ. ಸಣ್ಣ ಕಾರ್ಡಿಗೆ ಪರವಾಗಿಲ್ಲ. ಇದಕ್ಕೆ ಕೊಟ್ರೆ ಒಂದೇ ದಿನದಲ್ಲಿ ಕರಗತ್ತೆ."

"ಆ ಎರಡು ತಲೆ ವೈರು ಎಲ್ಲಿತ್ತು?"

"ಕರೆಂಟ್ ಕೊಡೋ ಪವರ್ ಸಪ್ಲೈ ಡಬ್ಬಿ ಜೊತೆ ಬರೋ ಚೀಲದಲ್ಲಿ. ಬೇಡದ ವೈರೆಲ್ಲಾ ಅದರಲ್ಲೇ ಬಿಟ್ಟು ಕಪಾಟಲ್ಲಿ ಇಟ್ಟಿದ್ದೆ."

ಮೀಟರಮ್ಮ ಮಿಷನ್ ಡಬ್ಬದ ಹತ್ರ ಬಂದು ಟಾರ್ಚ್ ಬಿಟ್ರು. ಕೆಳಗಿದ್ದ ಪವರ್ ಸಪ್ಲೈ ಬೆನ್ನಲ್ಲಿ ಸಾಲಾಗಿ ಸಾಕೆಟ್ಟು. ಬಳಸದೇ ಇರೋ ಸಾಕೆಟ್ಟಿಗೆಲ್ಲಾ ಕರೀ ರಬ್ಬರ್ ಮುಚ್ಚಳ. ಒಂದರಲ್ಲಿ ಆ ಎರಡು ತಲೆ ವೈರಿನ ಬುಡ. ಅದರ ಪಕ್ಕದ್ದು ಮಾತ್ರ ಖಾಲಿ. ವೈರೂ ಇಲ್ಲ, ಮುಚ್ಚಳಾನೂ ಇಲ್ಲ. ಸುತ್ತ ಧೂಳು ಸಣ್ಣಗೆ ಕೂತಿತ್ತು, ಸಾಕೆಟ್ಟಿನ ಬಾಯೊಳಗೆ ಮಾತ್ರ ತೊಳೆದಿಟ್ಟಂಗೆ ಹೊಳೀತಿತ್ತು.

"ಹೂಂ," ಅಂದ್ರು. "ರೀ, ಮೇಜಿನ ಕೆಳಗೆ ಏನೋ ಇದೆ, ತೆಗೀರಿ."

ಕಂಡಕ್ಟರು ಅಮ್ಮಾ ಅಪ್ಪಾ ಅಂತ ಬಗ್ಗಿದ್ರು. ಗೋಡೆ ಸಂದೀಲಿ ಒಂದು ಮರದ ದಾರದ ರೀಲು. ದಾರ ಇಲ್ಲ, ಒಂದು ಮಗ್ಗುಲು ಸುಟ್ಟು ಕಪ್ಪಾಗಿದೆ.

"ನಂದು," ಅಂದ್ಲು ಸ್ಕ್ರೂ. "ಕಾರ್ಡು ಒಂದು ತುದೀಲಿ ಮಾತ್ರ ಸ್ಕ್ರೂ ಆಗಿರತ್ತೆ, ಇನ್ನೊಂದು ತುದಿ ಭಾರಕ್ಕೆ ಜೋತುಬೀಳತ್ತೆ. ಅದಕ್ಕೇ ಕೆಳಗೆ ಆಸರೆ ಇಟ್ಟಿದ್ದೆ. ಸರಿಯಾಗಿ ಅಳತೆಗೆ ಕೂತಿತ್ತು."

"ಇದು ಒಳಗಿತ್ತಾ? ನಾನು ನೋಡೇ ಇಲ್ಲ," ಅಂದ್ರು ಡೈರೆಕ್ಟರು. "ಹೊಗೆ ಬಂತು ಅಂತ ಕಾರ್ಡು ಕಿತ್ತು ಹೊರಗೆ ಎಳೆದೆ, ಉರುಳಿರಬೇಕು."

ಮೀಟರಮ್ಮ ರೀಲನ್ನ ಸೆರಗಲ್ಲಿ ಒರೆಸಿ ಚೀಲಕ್ಕೆ ಹಾಕಿದ್ರು. ಆಮೇಲೆ ಕಪಾಟಿಂದ ವೈರಿನ ಚೀಲ ತೆಗೆದು ಜಿಪ್ ಎಳೆದು ಒಳಗೆ ನೋಡಿದ್ರು. ಕಂಡಕ್ಟರೂ ಹೆಗಲ ಮೇಲಿಂದ ಇಣುಕಿದ್ರು. ಅಡ್ಡಾದಿಡ್ಡಿ ವೈರುಗಳ ಮಧ್ಯೆ ಎರಡನ್ನ ಮಾತ್ರ ಸೇರಿಸಿ ಮುದ್ದಾಗಿ ಒಂದೇ ಸುರುಳಿ ಸುತ್ತಿ, ಮೇಣ ಹಚ್ಚಿದ ನೀಲಿ ದಾರದಲ್ಲಿ ಮೂರು ಸುತ್ತು ಕಟ್ಟಿತ್ತು. ಎರಡೂ ಒಂದೇ ತಲೆಯ ವೈರು.

ಮೀಟರಮ್ಮ ಸ್ಕ್ರೂ ಕಡೆ ನೋಡಿದ್ರು. ಸ್ಕ್ರೂ ಕಿಟಕಿ ಕಡೆ ನೋಡ್ತಿದ್ಲು.

"ಡೈರೆಕ್ಟರೇ, ಈ ಕಾರ್ಡು ಬಂದಾಗಿಂದ ಏನೇನು ಕೆಲಸ ಮಾಡಿದ್ರಿ?"

"ಎರಡು ವಾರದ ಹಿಂದೆ ಬುಧವಾರ ಹಾಕಿದ್ದು. ಅವತ್ತಿಂದ ಸಿನಿಮಾದ ಮೊದಲರ್ಧದ ಚಿತ್ರ ಒಂದೊಂದೇ ಮೂಡಿಸೋಕೆ ಹಗಲೂ ರಾತ್ರಿ ಮಿಷನ್ ಓಡಿಸಿದೆ. ಹೋದ ಶನಿವಾರ ಸಂಜೆ ಮುಗೀತು. ಸೋಮವಾರ, ಮಂಗಳವಾರ ಬರೀ ಮಾತು ಕೂಡಿಸೋ ಕೆಲಸ. ಅದಕ್ಕೆ ಕಾರ್ಡಿಗೆ ಲೋಡ್ ಬೀಳಲ್ಲ. ನಿನ್ನೆ ಎರಡನೇ ಅರ್ಧ ಶುರು ಮಾಡಿದೆ, ಎರಡು ಗಂಟೇಲಿ ಹೊಗೆ."

"ಭಾನುವಾರ?"

"ತಂಗಿ ಮನೇಗೆ ಹೋಗಿದ್ದೆ. ಮಿಷನ್ ಆಫ್. ಇವನೊಬ್ನೇ ಇದ್ದ ಇಲ್ಲಿ."

"ಇಡೀ ದಿನ ಇಲ್ಲೇ ಇದ್ದೆ," ಅಂದ ಬಾಮೈದ. ಯಾರೂ ಕೇಳದೇ ಇರೋವಾಗ. "ಹೊರಗೆ ಕಾಲೇ ಇಟ್ಟಿಲ್ಲ ಮೀಟರಮ್ಮ. ಒಂದು ನರಪಿಳ್ಳೇನೂ ಬಂದಿಲ್ಲ."

ಕಂಡಕ್ಟರು ಬಾಯಿ ತೆಗೆಯೋಕೆ ಹೋದ್ರು. ಮೀಟರಮ್ಮ ಅವರ ಕಾಲು ತುಳಿದ್ರು. ಮೆಟ್ಟಿಲು ಹತ್ತೋವಾಗ ಕೇಳಿದ್ರು, "ಏನು ಹೇಳೋಕೆ ಹೊರಟಿದ್ರಿ?"

"ಭಾನುವಾರ ಹನ್ನೊಂದಕ್ಕೆ ನಾನು ಪೇಪರ್ ತರೋಕೆ ಇಳಿದಿದ್ದೆ. ಇವನು ಗೇಟಿಂದ ಒಳಗೆ ಬರ್ತಿದ್ದ. ಕೂದಲು ಹೊಸದಾಗಿ ಕತ್ತರಿಸಿತ್ತು, ಕುತ್ತಿಗೆ ತುಂಬ ಪೌಡರ್. ರೊಟ್ಟಿ ಹಿಟ್ಟಲ್ಲಿ ಉರುಳಾಡಿ ಬಂದಂಗಿದ್ದ. ಹೊರಗೆ ಕಾಲಿಟ್ಟಿಲ್ಲ ಅಂದ್ರೆ ಕ್ಷೌರದ ಅಂಗಡೀನೇ ಒಳಗೆ ಬಂದಿತ್ತಾ?"

"ಎಷ್ಟೋ ವರ್ಷಕ್ಕೆ ಒಂದು ಉಪಯೋಗದ ಮಾತು ಆಡಿದ್ರಿ," ಅಂದ್ರು ಮೀಟರಮ್ಮ. ಆದ್ರೆ ನಗಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತ್ರೂ ತಟ್ಟೇಲಿ ಬೆರಳಾಡಿಸ್ತಾ ಕೂತ್ರು. ಉತ್ತರ ಸಿಕ್ಕಿದ ದಿನ ಅವರು ಎರಡು ಸಲ ಬಡಿಸ್ಕೊಳ್ತಾರೆ. ಇವತ್ತು ಉತ್ತರ ಸಿಕ್ಕಿದಂಗಿದೆ, ಹಸಿವು ಮಾತ್ರ ಇಲ್ಲ. ಕಂಡಕ್ಟರಿಗೆ ಅದೇ ಭಯ ಆಯ್ತು.

ಮೂರು ಗಂಟೆಗೆ ಮೇಷ್ಟ್ರು ಬಂದ್ರು.

ಮೇಷ್ಟ್ರು ಅಂದ್ರೆ ಸ್ಕೂಲ್ ಮೇಷ್ಟ್ರಲ್ಲ. ಈ ಬೀದೀಲಿ ಕಂಪ್ಯೂಟರ್ ರಿಪೇರಿ ಮಾಡೋ ಅರ್ಧ ಜನಕ್ಕೆ ಕೈ ಹಿಡಿದು ಕಲಿಸಿದವರು. ಸ್ಕ್ರೂಗೂ ಅವರೇ. ಅವರು ಜೋಡಿಸಿದ ಡಬ್ಬ ತೆಗೆದ್ರೆ ವೈರುಗಳು ಬಾಚಿದ ಜಡೆ ಹಂಗೆ ಇರ್ತವೆ ಅಂತ ಹೆಸರು. "ನಲವತ್ತು ವರ್ಷದಲ್ಲಿ ನನ್ನ ಕೈಯಿಂದ ಒಂದು ಮಿಷನ್ನೂ ಸುಟ್ಟಿಲ್ಲ," ಅನ್ನೋದು ಅವರು ನಮಸ್ಕಾರದ ಬದಲು ಹೇಳೋ ಮಾತು. ತೊಳೆದ ಶರ್ಟು, ಕಾಲು ಮುರಿದ ಕನ್ನಡಕಕ್ಕೆ ದಾರ ಸುತ್ತಿ ಕಟ್ಟಿದ ಕಟ್ಟು, ಜೇಬಲ್ಲಿ ಮೂರು ಪೆನ್ನು.

"ಈ ಡಬ್ಬ ನಾನು ನೋಡ್ತಿರೋದು ಇವತ್ತೇ ಮೊದಲು," ಅಂತ ಶುರು ಮಾಡಿದ್ರು. ಬಗ್ಗಿ ನೋಡಿದ್ರು. ಬೆರಳಲ್ಲಿ ತೋರಿಸ್ತಾ ಹೋದ್ರು. "ಕಾರ್ಡು ಹಿಡಿಸಲಿ ಅಂತ ಡಿಸ್ಕ್ ಕೂರಿಸೋ ಪಂಜರ ಬಿಚ್ಚಿದಾಳೆ, ಅದು ಸರಿ. ಸಾವಿರ ವ್ಯಾಟ್ ಪವರ್ ಸಪ್ಲೈ, ಅದೂ ಸರಿ. ಆದ್ರೆ ಇಷ್ಟು ಭಾರದ ಕಾರ್ಡಿಗೆ ಯಾವುದೋ ದಾರದ ರೀಲು ತುರುಕಿ ಆಸರೆ ಕೊಡೋದಾ? ಇದೇನು ಮಕ್ಕಳಾಟಾನಾ? ಅಲ್ಲಿ ಉದಾಸೀನ ಮಾಡಿದವಳು ವೈರಲ್ಲೂ ಉದಾಸೀನ ಮಾಡಿದಾಳೆ. ನೋವಾಗತ್ತೆ ಕಣಮ್ಮ, ನಾನೇ ಕಲಿಸಿದ್ದು. ಆದ್ರೆ ರಿಪೋರ್ಟು ರಿಪೋರ್ಟೇ."

ಸ್ಕ್ರೂ ಅವರ ಮುಖಾನೇ ನೋಡ್ತಿದ್ಲು, ಬಸ್ ಸ್ಟಾಪಲ್ಲಿ ಕೊನೇ ಬಸ್ಸಿಗೆ ಕಾಯೋರು ನೋಡಿದಂಗೆ. ಆ ನೋಟ ಕಂಡಕ್ಟರಿಗೆ ಚೆನ್ನಾಗಿ ಗೊತ್ತು. ಆದ್ರೆ ಇವಳು ಏನಕ್ಕೆ ಕಾಯ್ತಿದಾಳೆ ಅಂತ ಮಾತ್ರ ಹೊಳೀಲಿಲ್ಲ.

ನಾಲ್ಕೂವರೆಗೆ ಮೀಟರಮ್ಮ ಎಲ್ಲರನ್ನೂ ಅದೇ ರೂಮಲ್ಲಿ ಕೂರಿಸಿದ್ರು. ಮೇಷ್ಟ್ರ ಮುಂದೆ ರಿಪೋರ್ಟು, ಸಹಿ ಒಂದು ಬಾಕಿ.

"ಸಹಿ ಹಾಕೋ ಮುಂಚೆ ಐದು ನಿಮಿಷ," ಅಂತ ಮೀಟರಮ್ಮ ನೋಟ್‌ಬುಕ್ ಬಿಚ್ಚಿದ್ರು. "ಈ ರೂಮಿನ ಮೀಟರ್ ದಿನಕ್ಕೆ ನಾಲ್ಕು ಯೂನಿಟ್ ಓಡ್ತಿತ್ತು. ಕಾರ್ಡು ಬಂದ ಮಾರನೇ ದಿನದಿಂದ ಹದಿನೇಳು, ಹದಿನೆಂಟು, ಹದಿನೇಳು. ಹೀಗೇ ಹನ್ನೊಂದು ದಿನ. ಅಂದ್ರೆ ಹನ್ನೊಂದು ದಿನ ಕಾರ್ಡು ಹೊಟ್ಟೆ ತುಂಬ ತಿಂದಿದೆ, ಏನೂ ಆಗಿಲ್ಲ. ಮೇಷ್ಟ್ರೇ, ಎರಡು ತಲೆ ವೈರಲ್ಲಿ ಈ ಕಾರ್ಡು ಹನ್ನೊಂದು ದಿನ ತಡೀತಿತ್ತಾ?"

ಮೇಷ್ಟ್ರು ಪೆನ್ನಿನ ಮುಚ್ಚಳ ತಿರುಗಿಸಿದ್ರು. "ತಡೀತಿರಲಿಲ್ಲ," ಅಂದ್ರು ಸಣ್ಣಗೆ.

"ಹಂಗಾದ್ರೆ ಶನಿವಾರದವರೆಗೂ ಎರಡು ವೈರೇ ಇತ್ತು. ಖಾಲಿ ಸಾಕೆಟ್ಟೂ ಅದನ್ನೇ ಹೇಳತ್ತೆ. ಬಳಸದೇ ಇರೋ ಸಾಕೆಟ್ಟಿನ ಮುಚ್ಚಳ ಯಾರೂ ಕೀಳಲ್ಲ. ಒಳಗೆ ಧೂಳೂ ಇಲ್ಲ, ಅಂದ್ರೆ ಮೊನ್ನೆ ಮೊನ್ನೆವರೆಗೂ ಅಲ್ಲಿ ವೈರು ಇತ್ತು. ಸೋಮವಾರ, ಮಂಗಳವಾರ ಡೈರೆಕ್ಟರು ಮಿಷನ್ ಬಿಟ್ಟು ಏಳಲಿಲ್ಲ. ವೈರು ಬದಲಾಗಿದ್ದು ಭಾನುವಾರ."

ಡೈರೆಕ್ಟರು ಬಾಮೈದನ ಕಡೆ ತಿರುಗಿದ್ರು. "ಏನೋ!"

"ನಾನಲ್ಲ ಭಾವ! ನಂಗೆ ಆ ಡಬ್ಬ ತೆಗೆಯೋಕೂ ಬರಲ್ಲ!"

"ನಿಜ, ಬರಲ್ಲ," ಅಂದ್ರು ಮೀಟರಮ್ಮ. "ಆದ್ರೆ ಕ್ಷೌರಕ್ಕೆ ಹೋಗೋಕೆ ಬರತ್ತೆ. ನೀನು ಪೌಡರ್ ಹಾಕ್ಕೊಂಡು ಬಂದಿದ್ದನ್ನ ನಮ್ಮನೆಯವರು ನೋಡಿದಾರೆ. ರೂಮು ಯಾರ ಕೈಗೆ ಬಿಟ್ಟು ಹೋಗಿದ್ದೆ?"

ಅವನು ನೆಲ ನೋಡಿದ.

"ಹೋಗ್ಲಿ, ನಾನೇ ಹೇಳ್ತೀನಿ." ಚೀಲಕ್ಕೆ ಕೈ ಹಾಕಿ ಸುಟ್ಟ ರೀಲು ತೆಗೆದು ಮೇಜಿನ ಮೇಲಿಟ್ರು. "ಇದು ಬೆಳಿಗ್ಗೆಯಿಂದ ನನ್ನ ಚೀಲದಲ್ಲಿದೆ. ಅದಕ್ಕೂ ಮುಂಚೆ ಮೇಜಿನ ಕೆಳಗಿತ್ತು. ದಿನಾ ಇಲ್ಲಿ ಕೂರೋ ಡೈರೆಕ್ಟರೇ ಇದನ್ನ ನೋಡಿರಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಆ ಡಬ್ಬದೊಳಗೆ ಯಾವ ರೀಲೂ ಇರಲಿಲ್ಲ ಮೇಷ್ಟ್ರೇ. ಇವತ್ತೇ ಮೊದಲು ನೋಡ್ತಿರೋ ನಿಮಗೆ ಅದು ಹೆಂಗೆ ಕಾಣಿಸ್ತು?"

ಮೀಟರಮ್ಮ ವೈರಿನ ಚೀಲದಿಂದ ಆ ಮುದ್ದಾದ ಸುರುಳಿ ತೆಗೆದು ರೀಲಿನ ಪಕ್ಕ ಇಟ್ರು. ಕಂಡಕ್ಟರು ನೀಲಿ ದಾರ ನೋಡಿದ್ರು. ಮೇಷ್ಟ್ರ ಕನ್ನಡಕದ ಕಾಲು ನೋಡಿದ್ರು. ಅದೇ ನೀಲಿ, ಅದೇ ಮೇಣ, ಅದೇ ಮೂರು ಸುತ್ತು. ತಾನು ಮಧ್ಯಾಹ್ನದಿಂದ ಆ ಕನ್ನಡಕದ ಎದುರೇ ಕೂತಿದ್ದೆ ಅಂತ ನೆನೆದು ಅವರಿಗೆ ಮೈ ಜುಮ್ಮಂತು.

"ಮೇಷ್ಟ್ರೇ ಬರ್ತೀನಿ ಅಂತ ಫೋನ್ ಮಾಡಿದ್ರು," ಬಾಮೈದ ಬಾಯಿಬಿಟ್ಟ. "ಸುಮ್ನೆ ಒಂದ್ಸಲ ನೋಡಿ ಹೋಗ್ತೀನಿ, ಅವಳಿಗೆ ಹೇಳಬೇಡ, ನಂಬಿಕೆ ಇಲ್ಲ ಅಂದ್ಕೊಂಡು ಬೇಜಾರ್ ಮಾಡ್ಕೊಳ್ತಾಳೆ ಅಂದ್ರು. ಒಳ್ಳೇದಕ್ಕೇ ಅಂದ್ಕೊಂಡೆ. ಸುಟ್ಟ ಮೇಲೆ ಭಾವಂಗೆ ಹೆದರಿ ಸುಮ್ನಾದೆ."

ಮೇಷ್ಟ್ರು ಪೆನ್ನು ಕೆಳಗಿಟ್ಟು ಮಾತಾಡಿದ್ರು. ಸುಳ್ಳು ಹೇಳಿ ಸಿಕ್ಕಿಬಿದ್ದವರ ದನಿ ಅಲ್ಲ ಅದು, ಪಾಠ ಹೇಳೋ ದನಿ. "ಎರಡು ದಪ್ಪ ವೈರು ಎದುರಿಗೇ ಅಡ್ಡ ಬಂದಿದ್ವು. ಗಾಳಿ ಓಡಾಡೋ ದಾರಿ. ನೋಡೋಕೆ ಅಸಹ್ಯ. ಎರಡೂ ತೆಗೆದು ಎರಡು ತಲೇದು ಒಂದೇ ಹಾಕಿದೆ, ಡಬ್ಬದ ಹಿಂದಿನಿಂದ ಎಳೆದು ತಂದೆ. ಎಷ್ಟು ಚೆನ್ನಾಗಿ ಕಾಣ್ತಿತ್ತು ಗೊತ್ತಾ? ನನ್ನ ಕಾಲದಲ್ಲಿ ಎಲ್ಲಾ ಕಾರ್ಡಿಗೂ ಅದೇ ಸಾಕಾಗ್ತಿತ್ತು. ಪುಸ್ತಕ ಓದಲಿಲ್ಲ. ನಾನ್ಯಾಕೆ ಓದಲಿ? ಇವಳ ಕೆಲಸ ನನ್ನ ಕೆಲಸದ ಹಂಗೆ ಕಾಣಲಿ ಅಂತ ಮಾಡಿದ್ದು."

"ಅದು ತಪ್ಪು, ಆಗತ್ತೆ," ಅಂದ್ರು ಮೀಟರಮ್ಮ. "ಮೂರು ಗಂಟೆಯಿಂದ ಇಲ್ಲಿ ಕೂತು ಬರೆದಿದ್ದು?"

ಮೇಷ್ಟ್ರು ರಿಪೋರ್ಟಿನ ಹಾಳೆ ತಮ್ಮ ಕಡೆ ಎಳ್ಕೊಂಡ್ರು.

ಮೇಷ್ಟ್ರು ಬಂದಾಗಿಂದ ಮಾತೇ ಆಡದೇ ಇದ್ದ ಸ್ಕ್ರೂ ಆಗ ಬಾಯಿ ತೆಗೆದ್ಲು. "ನಂಗೆ ನಿನ್ನೇನೇ ಗೊತ್ತಿತ್ತು ಮೇಷ್ಟ್ರೇ. ಸುಟ್ಟ ಸುದ್ದಿ ಕೇಳಿ ಓಡಿಬಂದು ಮೊದಲು ಆ ಚೀಲಾನೇ ತೆಗೆದಿದ್ದು. ನಿಮ್ಮ ಗಂಟು ನಂಗೆ ಗೊತ್ತಾಗಲ್ವಾ? ನೀವೇ ಹೇಳ್ತೀರಾ ಅಂತ ಕಾದೆ. ನಿನ್ನೆ ಸಂಜೆ ಹೇಳ್ತೀರಾ ಅಂದ್ಕೊಂಡೆ. ಇವತ್ತು ಮೂರು ಗಂಟೆಗೆ ಹೇಳ್ತೀರಾ ಅಂದ್ಕೊಂಡೆ. ಡಬ್ಬದೊಳಗೆ ಬಗ್ಗಿದಾಗ ಹೇಳೇ ಹೇಳ್ತೀರಾ ಅಂದ್ಕೊಂಡೆ."

ಕಂಡಕ್ಟರಿಗೆ ಈಗ ಅರ್ಥ ಆಯ್ತು ಅವಳು ಯಾವ ಬಸ್ಸಿಗೆ ಕಾಯ್ತಿದ್ಲು ಅಂತ.

ಡೈರೆಕ್ಟರು ತಲೆ ಮೇಲೆ ಕೈ ಹೊತ್ತು, "ನನ್ನ ಸಿನಿಮಾ ಕತೆ ಏನ್ರೀ?" ಅಂದ್ರು. ಸುಟ್ಟ ಕಾರ್ಡು ಸತ್ಯ ಗೊತ್ತಾಯ್ತು ಅಂತ ಎದ್ದು ಕೂರಲ್ವಲ್ಲ.

ಮೇಷ್ಟ್ರು ರಿಪೋರ್ಟು ಹರಿದು ಇನ್ನೊಂದು ಹಾಳೆ ತಗೊಂಡ್ರು. ಬರೆದು ಸಹಿ ಹಾಕಿ ತಳ್ಳಿದ್ರು. ಮೀಟರಮ್ಮ ಎತ್ತಿ ಓದಿದ್ರು. "ಜೋಡಿಸಿದವರ ತಪ್ಪಿಲ್ಲ. ಕಾರಣ ತಿಳಿದುಬಂದಿಲ್ಲ."

"ಕಾರಣ ಎದುರಿಗೇ ಕೂತಿದೆಯಲ್ಲಾ!" ಕಂಡಕ್ಟರಿಗೆ ಸಿಟ್ಟು ನೆತ್ತಿಗೇರಿತು. "ಹೆಸರು ಬರೀರಿ!"

"ನಲವತ್ತು ವರ್ಷ," ಅಂದ್ರು ಮೇಷ್ಟ್ರು. ಅಷ್ಟೇ ಅಂದಿದ್ದು.

"ಬಿಡಿ ಅಂಕಲ್. ನಂಗೆ ಇಷ್ಟು ಸಾಕು ಅಂತ ಬೆಳಿಗ್ಗೇನೇ ಹೇಳಿದ್ನಲ್ಲ." ಸ್ಕ್ರೂ ಹಾಳೆ ಮಡಚಿ ಜೇಬಲ್ಲಿಟ್ಟುಕೊಂಡ್ಲು. ಬಾಗಿಲ ಹತ್ರ ಹೋದವಳು ತಿರುಗಿ ಬಂದು ಆ ಸುಟ್ಟ ರೀಲನ್ನ ಮೇಷ್ಟ್ರ ಕಡೆ ಸರಿಸಿದ್ಲು. "ಯಾವುದೋ ರೀಲು ಅಂದ್ರಲ್ಲ. ನಾನು ಮೊದಲನೇ ಮಿಷನ್ ಜೋಡಿಸಿದ ದಿನ ನಿಮ್ಮ ದಾರ ಮುಗಿದಿತ್ತು. ಇಟ್ಕೋ, ನೆನಪಿಗೆ ಅಂತ ಕೊಟ್ರಿ. ಇಷ್ಟು ಭಾರ ಹೊರೋಕೆ ಇದಕ್ಕಿಂತ ನಂಬಿಕೆಯದ್ದು ನನ್ನ ಹತ್ರ ಏನೂ ಇರಲಿಲ್ಲ."

ಮೇಷ್ಟ್ರು ರೀಲನ್ನ ತಿರುಗಿಸಿ ತಿರುಗಿಸಿ ನೋಡಿದ್ರು. ನೆನಪಾಗ್ಲಿಲ್ಲ ಅಂತ ಮುಖಾನೇ ಹೇಳ್ತಿತ್ತು.

ಅವಳ ಹೆಜ್ಜೆ ಸದ್ದು ಗೇಟಿನವರೆಗೂ ಕೇಳಿಸ್ತು. ಡೈರೆಕ್ಟರು ಹೋಗಿ ಕಿಟಕಿ ತೆಗೆದ್ರು, ವಾಸನೆ ಇನ್ನೂ ಹೋಗಿರಲಿಲ್ಲ. ಮೀಟರಮ್ಮ ನೋಟ್‌ಬುಕ್ ಮುಚ್ಚಿ ಎದ್ರು. ಕಂಡಕ್ಟರು ಹೊಸ್ತಿಲಲ್ಲಿ ಒಂದ್ಸಲ ಹಿಂದೆ ತಿರುಗಿ ನೋಡಿದ್ರು. ಮೇಷ್ಟ್ರು ಸುರುಳಿಗೆ ಕಟ್ಟಿದ್ದ ನೀಲಿ ದಾರ ಬಿಚ್ಚಿ, ಆ ಸುಟ್ಟ ರೀಲಿಗೆ ಸುತ್ತುತ್ತಾ ಕೂತಿದ್ರು. ಒಂದು ಎಳೆ ಪಕ್ಕ ಇನ್ನೊಂದು ಎಳೆ, ಒಂಚೂರೂ ಸಂದಿಲ್ಲದಂಗೆ, ಬಲು ಚೆನ್ನಾಗಿ.